ಕಟ್ಟಿದ ಎಡಗೈ

ಮುಂದಿನ ಬೆಂಚಿನವಳ ಬೆರಳಿಗೆ ಮಸಿ ಹತ್ತಿದೆ, ಬಲಗೈ ಬೆರಳಿಗೆ, ಎಲ್ಲರೂ ಬಲಗೈಯಲ್ಲೇ ಬರೆಯುತ್ತಿದ್ದಾರೆ, ಇಷ್ಟು ದೊಡ್ಡ ಪರೀಕ್ಷಾ ಹಾಲಿನಲ್ಲಿ ಒಂದೂ ಎಡಗೈ ಇಲ್ಲ — ನಾನೇಕೆ ಹುಡುಕುತ್ತಿದ್ದೇನೆ, ಪ್ರಶ್ನೆ ಓದು ಗೊಲ್ಲಾಳಮ್ಮ, ನಾಲ್ಕನೆಯದು, ಎಡಗೈ ರೂಢಿಯ ಮಗುವನ್ನು ಬಲಗೈಗೆ ಒತ್ತಾಯಿಸುವುದರ ಪರಿಣಾಮಗಳನ್ನು ಬರೆಯಿರಿ, ನೀವು ಕಂಡ ಒಂದು ಉದಾಹರಣೆ ಕೊಡಿ. ಕಂಡ ಉದಾಹರಣೆಯಂತೆ. ಸುರಪುರದ ನಮ್ಮ ಮನೆಯ ಸುದ್ದಿಯನ್ನು ಹೈದರಾಬಾದಿನ ಈ ವಿಶ್ವವಿದ್ಯಾಲಯಕ್ಕೆ ಯಾರು ಮುಟ್ಟಿಸಿದರು, ಎಲ್ಲ ಬಿಟ್ಟು ಇದೇ ಪ್ರಶ್ನೆ ಬರಬೇಕೇ — ಆ ಕೈ ಬೇಡ, ಅದನ್ನು ನೆನೆಯಬೇಡ, ಬರೆ. ಅಯ್ಯಮ್ಮ, ನನ್ನ ಅಕ್ಕ ಭಾಗಮ್ಮನ ಮಗಳು, ಹುಟ್ಟಾ ಎಡಚಿ, ನಾನು ಕಲಿಸುತ್ತಿದ್ದ ಶಾಲೆಯಲ್ಲೇ ಖುರ್ಷೀದಬೇಗಂ ಉಸ್ತಾನಿಯ ಹತ್ತಿರ ಉರ್ದು ಕಲಿಯುವಾಗ ಅದು ಯಾರಿಗೂ ತೊಂದರೆಯಾಗಲೇ ಇಲ್ಲ, ಉರ್ದು ಬಲದಿಂದ ಎಡಕ್ಕೆ ಹೋಗುತ್ತದಲ್ಲ, ಎಡಗೈ ಮುಂದೆ ಮುಂದೆ ಸಾಗುತ್ತಿತ್ತು, ಬರೆದದ್ದು ಹಿಂದೆ ಸ್ವಚ್ಛವಾಗಿ ಉಳಿಯುತ್ತಿತ್ತು, ಬೇಗಂ ಅನ್ನುತ್ತಿದ್ದರು, ಕೈ ಯಾವುದಿದ್ರೇನ್ರಿ ಗೊಲ್ಲಾಳಮ್ಮ, ಹುಡುಗಿ ಅಲಿಫ್ ನೋಡ್ರಿ, ಹೆಂಗ ನೆಟ್ಟಗ ನಿಂತಾದ — ನಿಜಾಮರ ರಾಜ್ಯ ಹೋಯಿತು, ಶಾಲೆ ಕನ್ನಡಕ್ಕೆ ತಿರುಗಿತು, ಬೇಗಂ ಮನೆಯಲ್ಲಿ ಕೂತರು, ಅವರ ತರಗತಿ ನನಗೆ ಬಂತು, ಕನ್ನಡ ಎಡದಿಂದ ಬಲಕ್ಕೆ, ಹುಡುಗಿ ಅ ಬರೆದು ಆ ಬರೆಯುವಷ್ಟರಲ್ಲಿ ಅವಳದೇ ಅಂಗೈ ಹಿಂದಿನ ಅ ಒರೆಸಿಬಿಡುತ್ತಿತ್ತು, ಪಾಟಿ ಖಾಲಿ, ಅಂಗೈ ಬೆಳ್ಳಗೆ. ನಮ್ಮ ಭಾಷೆ ಬಂತೆಂದು ಊರೆಲ್ಲ ಹಿಗ್ಗುವಾಗ ನನ್ನ ಅಕ್ಕನ ಮಗಳೇ ತರಗತಿಗೆ ಕೊನೆ, ನನಗೆ ತಲೆ ಎತ್ತಲಾಗದಷ್ಟು ಅವಮಾನ, ಇನ್‌ಸ್ಪೆಕ್ಟರ್ ಬೇರೆ ಬರುವವರಿದ್ದರು, ಹಳೆ ಸೀರೆಯ ಕೆಂಪು ಅಂಚು ಹರಿದು ಅವಳ ಎಡಗೈಯನ್ನು ಬೆನ್ನ ಹಿಂದೆ ಸೊಂಟಕ್ಕೆ ಕಟ್ಟಿದ್ದು ನಾನು, ಅಕ್ಕ ಅಲ್ಲ, ಅಕ್ಕ ಅತ್ತಳು, ಕೂಸು ಊಟ ಹೆಂಗ ಮಾಡ್ತಾಳ, ಬಲಗೈಲೆ ಮಾಡ್ತಾಳ ತಗೊ, ರೂಢಿ ಆಗ್ತಾದ, ನಾ ಕಲತಾಕಿ ಹೇಳಾಕತ್ತೇನಿ, ಕಟ್ಟೂದು ಬಿಡಬ್ಯಾಡ. ರೂಢಿಯಾಯಿತು, ಅಕ್ಷರ ದುಂಡಗಾದವು, ಆಮೇಲೆ ಒಂದು ದಿನ ಹುಡುಗಿ ನೀರು ಕೇಳಲು ಹೋಗಿ ನೀ ನೀ ಎಂದು ನಿಂತುಬಿಟ್ಟಳು, ನಾವು ನಕ್ಕೆವು, ದೃಷ್ಟಿ ತೆಗೆದೆವು, ತಿಂಥಣಿಗೆ ಹೋಗಿ ಮೌನೇಶ್ವರನ ಮುಂದೆ ಮಾತು ಬೇಡಿಕೊಂಡೆವು, ಬಟ್ಟೆ ಮಾತ್ರ ಬಿಚ್ಚಲಿಲ್ಲ.

ಶಿಕ್ಷಕರ ತರಬೇತಿಗೆಂದು ಇಲ್ಲಿಗೆ ಬಂದ ಮೇಲೆಯೇ ತಿಳಿದದ್ದು, ಮನಃಶಾಸ್ತ್ರದ ಪಾಠದಲ್ಲಿ, ಪ್ರೊಫೆಸರರು ಕನ್ನಡಕ ಒರೆಸುತ್ತ ಹೇಳಿದರು, ಒತ್ತಾಯಿಸಿದರೆ ಕೆಲವು ಮಕ್ಕಳಲ್ಲಿ ಉಗ್ಗು ಕಾಣಿಸಿಕೊಳ್ಳುತ್ತದೆ, ಎಲ್ಲರೂ ಬರೆದುಕೊಂಡರು, ನಾನೂ ಬರೆದುಕೊಂಡೆ, ಕೆಳಗೆ ಗೆರೆ ಬೇರೆ ಎಳೆದೆ, ನಾಚಿಕೆಗೇಡಿ. ದೀಪಾವಳಿ ರಜೆಗೆ ಹೊರಟಾಗ ರೈಲಿನುದ್ದಕ್ಕೂ ಅದೇ ಮಾತು, ಅಕ್ಕ, ತಪ್ಪಾಗ್ಯಾದ, ಬಿಚ್ಚಿಬಿಡು — ಯಾದಗಿರಿಯಲ್ಲಿ ಇಳಿದಾಗ ಬಾಯಲ್ಲಿತ್ತು, ಶಹಾಪುರದಲ್ಲಿ ಬಸ್ಸು ನಿಂತಾಗಲೂ ಇತ್ತು, ಹೊಸ್ತಿಲಲ್ಲಿ ಅಕ್ಕ, ಬಾ ಗೊಲ್ಲಾಳಿ, ನೀ ಹೇಳಿದಂಗ ಒಂದಿನಾನೂ ತಪ್ಪಿಸಿಲ್ಲ ನೋಡು, ಅವಳ ಮುಖದಲ್ಲಿ ಎಂಥ ಹೆಮ್ಮೆ, ಅವ್ವ ಸತ್ತ ಮೇಲೆ ನನ್ನನ್ನು ಬೆಳೆಸಿದವಳು, ತಾನು ಅಕ್ಷರ ಕಾಣದೆ ನನ್ನನ್ನು ಇಷ್ಟು ದೂರ ಓದಲು ಕಳಿಸಿದವಳು, ಅವಳಿಗೆ ನಿನ್ನ ಮಗಳ ಮಾತು ಕೆಡಿಸಿದವಳು ನಾನು ಎಂದು ಹೇಗೆ ಹೇಳಲಿ, ನಾಳೆ ಹೇಳೋಣ, ನಾಳೆ, ಹಾಗೆಯೇ ರಜೆ ಮುಗಿಯಿತು, ಹೊರಡುವ ಮುಂಜಾನೆ ಆ ಕೈ — ಬೇಡ. ಬೂಟು ಕಿರ್ರೆನ್ನುತ್ತ ಮೇಲ್ವಿಚಾರಕರು ಬಂದರು, ಕ್ಯಾ ಸೋಚ್ ರಹೀ ಹೈಂ, ಲಿಖಿಯೇ, ಏನು ಯೋಚಿಸುತ್ತಿದ್ದೇನಂತೆ, ಹ್ಞಾಂ ಬರೆಯುತ್ತೇನೆ, ಬರೆದೆ, ಪರಿಣಾಮಗಳೆಲ್ಲ ಬಾಯಿಪಾಠ, ಪೂರ್ತಿ ಅಂಕ ಬರುತ್ತವೆ, ಉದಾಹರಣೆ, ನಾನು ಬಲ್ಲ ಒಬ್ಬ ಹುಡುಗಿಯ ಎಡಗೈಯನ್ನು ಅವಳ ಅಜ್ಞಾನಿ ತಾಯಿ — ಅಯ್ಯೋ, ಅಜ್ಞಾನಿ ತಾಯಿ ಎಂದು ಬರೆದೇಬಿಟ್ಟೆನಲ್ಲ, ಎಷ್ಟು ಸಲೀಸಾಗಿ ಬಂತು, ಅಕ್ಕನಿಗೆ ಓದಲು ಬರುವುದಿಲ್ಲ ಎಂಬ ಧೈರ್ಯ ನನಗೆ, ಹೊಡೆದುಹಾಕು, ತಾಯಿಯ ತಂಗಿ, ಚಿಗವ್ವ ಎಂದು ಬರೆ, ಶಿಕ್ಷಕಿ ಎಂದಾದರೂ ಬರೆ, ಪೆನ್ನು ಏಳುತ್ತಿಲ್ಲ, ಹೊರಡುವ ಮುಂಜಾನೆ ಅಕ್ಕ ನೀರಿಗೆ ಹೋಗಿದ್ದಳು, ಮನೆಯಲ್ಲಿ ನಾನೂ ಅಯ್ಯಮ್ಮನೂ ಇಬ್ಬರೇ, ಅವಳ ಕೈ ಬಿಚ್ಚಿಯೇ ಇತ್ತು, ಇನ್ನು ಕಟ್ಟೂದು ಬ್ಯಾಡ ಅಯ್ಯಮ್ಮ, ಅಷ್ಟೇ ಅಂದಿದ್ದರೆ ಸಾಕಿತ್ತು, ಅಯ್ಯಮ್ಮ ಪಾಟಿ ಕೆಳಗಿಟ್ಟು ಕೆಂಪು ಅಂಚನ್ನು ನನ್ನ ತೊಡೆಯ ಮೇಲೆ ಹಾಕಿದಳು, ಚಿ, ಚಿಗವ್ವ, ಕ, ಕ, ಕಟ್ಟು, ಬೆನ್ನು ತಿರುಗಿಸಿ ನಿಂತಳು, ನಾನು ಮುಟ್ಟಿರಲಿಲ್ಲ, ಎಡಗೈ ತಾನಾಗಿ ಹಿಂದಕ್ಕೆ ಬಂತು, ನಾನು ಕಟ್ಟಿದೆ, ಎಲ್ಲ ತಿಳಿದವಳು, ಗಂಟು ಬಿಗಿಯಾಗ್ಯಾದೇನವಾ ಎಂದು ಕೇಳಿ ಕಟ್ಟಿದೆ — ಅಜ್ಞಾನಿ ತಾಯಿ, ಮಸಿ ಒಣಗುತ್ತಿದೆ, ಹಿಂದಕ್ಕೆ ಬಂದ ಆ ಕೈ, ಯಾರೂ ಹೇಳದೆ ತಾನಾಗಿ ಬಂದು, ಅಂಗೈ ತೆರೆದು ಕಾಯುತ್ತಿದ್ದ ಆ ಕೈ