ಹೊಸ ಬ್ಲೇಡಿನ ಪರೀಕ್ಷೆ

ಹೊಸ ಬ್ಲೇಡು ಹಾಕಿದಾಗಲೆಲ್ಲ, ಗಿರಾಕಿಯ ಕೆನ್ನೆಗೆ ತಾಗಿಸುವ ಮೊದಲು ತನ್ನ ಮುಂಗೈ ಮೇಲೆ ಎಳೆದು ನೋಡುವುದು ನಮ್ಮಣ್ಣನ ಚಾಳಿ. ಅಪ್ಪನಿಂದ ಬಂದದ್ದು. ಹೃದಯದ ಕವಾಟ ಬದಲಾಯಿಸಿ, ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ಶುರುವಾದ ಮೇಲೂ ಬಿಡಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕತ್ತರಿ ಆಡಿಸುತ್ತ ನಾನು ಬೈದದ್ದೇ ಬಂತು. ಅಮ್ಮನೂ ಅದೇ ಮಾತ್ರೆ ನುಂಗುತ್ತಾಳೆ. ಹಟದಲ್ಲಿ ತಾಯಿ ಮಗ ಇಬ್ಬರೂ ಒಂದೇ.

ಆ ದಿನ ಬ್ಲೇಡು ಕೊಂಚ ಕಚ್ಚಿತು. ಅಣ್ಣ ಪಟಿಕ ಒತ್ತಿದ. ಯಾವಾಗಲೂ ನಿಲ್ಲುತ್ತಿದ್ದ ರಕ್ತ ನಿಲ್ಲಲಿಲ್ಲ. ನಾನು ಸುತ್ತಿದ ಟವೆಲೂ ತೊಯ್ದುಹೋಯಿತು.

"ಏನಾಗಲ್ಲ, ನೀನು ಇವರ ಗಡ್ಡ ಮುಗಿಸು."

"ನಿನ್ನ ತಲೆ. ಎದ್ದೇಳು ಮೊದಲು."

ಕೆನ್ನೆಗೆ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿಯೇ, ಆ ನೊರೆಯ ಸಮೇತ, ತನ್ನ ಕಾರಿನಲ್ಲಿ ನಮ್ಮನ್ನು ಆಸ್ಪತ್ರೆಗೆ ಮುಟ್ಟಿಸಿದ.

ಡಾಕ್ಟರಮ್ಮ ಅಣ್ಣನ ಅಂಗಿಯ ತೋಳು ಮಡಚಿ ನೋಡಿದರು. ಮೇಲೆಲ್ಲ ನೀಲಿ ಕಲೆಗಳು.

"ಬೇರೆ ಏನಾದ್ರೂ ಔಷಧಿ ತಗೊಳ್ತಿದ್ದೀರಾ?"

"ಯಾವುದೂ ಇಲ್ಲ," ಎಂದ ಅಣ್ಣ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಅಂಗಡಿ ಕನ್ನಡಿ ಹಿಂದೆ ಇಟ್ಟಿದ್ದೀಯಲ್ಲ, ಹಸಿರು ಡಬ್ಬಿ, ಅದೇನು?"

"ಅದು ಔಷಧಿ ಅಲ್ಲ ಕಣೋ. ಬರೀ ಎಲೆ ಪುಡಿ ಗುಳಿಗೆ. ನೆನಪಿಗೂ ತಲೆನೋವಿಗೂ ಒಳ್ಳೇದಂತೆ, ಗಿರಾಕಿಯೊಬ್ಬರು ಕೊಟ್ರು."

ಡಾಕ್ಟರಮ್ಮ ತಲೆಯೆತ್ತಿದರು. "ಕೆಲವು ಎಲೆಗಳೂ ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ. ನಿಮ್ಮ ಮಾತ್ರೆ ಜೊತೆ ಸೇರಿದ್ರೆ ಹೀಗೇ ಆಗೋದು. ತಲೆನೋವಿದ್ಯಾ?"

"ಇಲ್ಲ."

"ಪುಣ್ಯ. ಕೈಯಿಂದ ಸೋರಿದ್ರೆ ಕಣ್ಣಿಗೆ ಕಾಣುತ್ತೆ. ತಲೆಯೊಳಗೆ ಸೋರಿದ್ರೆ ಮೊದಲು ನೋವಷ್ಟೇ."

ಇಂಜೆಕ್ಷನ್ ಕೊಟ್ಟರು, ಬಿಗಿಯಾಗಿ ಕಟ್ಟು ಹಾಕಿದರು. ನಾನು ಆ ಬಿಳಿ ಬಟ್ಟೆಯನ್ನೇ ನೋಡುತ್ತ ಕೂತೆ. ಬಹಳ ಹೊತ್ತಾದರೂ ಅದು ಬಿಳಿಯಾಗೇ ಉಳಿದಾಗ ನನಗೆ ಹೋದ ಜೀವ ಬಂದಂತಾಯಿತು, ಬೈಯುವ ಶಕ್ತಿಯೂ ಬಂತು.

"ಆ ಡಬ್ಬಿ ಇವತ್ತೇ ಮೋರಿಗೆ ಹಾಕ್ತೀನಿ ನೋಡು."

ಅಣ್ಣನ ಮುಖ ಬಿಳಿಚಿಕೊಂಡಿತು. "ಅದರಲ್ಲಿ ಅರ್ಧದಷ್ಟು ಗುಳಿಗೆ ಅಮ್ಮನಿಗೆ ಕೊಟ್ಟಿದ್ದೀನಿ ಕಣೋ."

ಫೋನ್ ಮಾಡಿದೆ. ರಿಂಗ್ ಇನ್ನೇನು ನಿಲ್ಲುತ್ತದೆ ಎನ್ನುವಾಗ ಅಮ್ಮ ಎತ್ತಿದಳು. ಮಾತು ತೊದಲುತ್ತಿತ್ತು.

"ಊಟ ನೀವೇ ಬಡಿಸ್ಕೊಳ್ಳಿ ಮಗಾ. ಬೆಳಿಗ್ಗೆಯಿಂದ ತಲೆ ಸಿಡೀತಿದೆ. ನಿಮ್ಮಣ್ಣ ಕೊಟ್ಟಿದ್ದ ಗುಳಿಗೆ ಇನ್ನೆರಡು ನುಂಗಿ ಮಲಗ್ತಿದ್ದೀನಿ."

"ಅಮ್ಮ, ಮಲಗಬೇಡ, ಬಾಗಿಲು ತೆಗೆದು ಕೂತ್ಕೋ," ಎಂದೆ. ಅವಳು ಫೋನ್ ಇಟ್ಟಾಗಿತ್ತು. ಮತ್ತೆ ಒತ್ತಿದೆ. ರಿಂಗಾಗುತ್ತಲೇ ಇತ್ತು.