ಕೊಡೆ ಕಾರ್ಖಾನೆಯ ಏಳು ಕ್ಷಣ

ಸೂಜಿ ಮಖಮಲ್ಲಿನ ಅಂಚಿನಲ್ಲಿ ಅರ್ಧ ಇಳಿದಿದ್ದಾಗ ಹಿಂದಿನಿಂದ ಬೆಳಕು ಬಂದು ಬಿತ್ತು. ಹೊಲಿಗೆಯಮ್ಮ ತಲೆಯೆತ್ತಲಿಲ್ಲ. ಬೆಳಿಗ್ಗೆಯಿಂದ ಹೀಗೇ ನಡೆದಿತ್ತು. ಚಿತ್ರಮಂದಿರದ ಮೇಲಿನ ಕಿಂಡಿಯ ಹಿಂದೆ ಕೂತು ಮ್ಯಾನೇಜರಮ್ಮ ಆ ವಾರದ ಚಿತ್ರಗಳನ್ನು ಒಂದೊಂದಾಗಿ ಹಾಕಿ, ಸರಿಯಾಗಿ ಓಡುತ್ತವೆಯೇ ಎಂದು ನೋಡಿ ತೆಗೆಯುತ್ತಿದ್ದರು. ಕೆಳಗೆ ಪರದೆಯ ಪಕ್ಕ ಮೊಣಕಾಲೂರಿ ಕೂತು ಇವಳು ಹರಿದ ಇಳಿತೆರೆಯನ್ನು ಹೊಲಿಯುತ್ತಿದ್ದಳು. ಇವಳ ಬೆನ್ನ ಮೇಲೆ ಕುದುರೆಗಳು ಓಡಿಹೋಗಿದ್ದವು, ಯಾರೋ ಗಂಡಹೆಂಡತಿ ಗೊತ್ತಿಲ್ಲದ ಭಾಷೆಯಲ್ಲಿ ಜಗಳವಾಡಿ ಹೋಗಿದ್ದರು. ಈಗ ಯಂತ್ರಗಳ ಸದ್ದು. ಈ ಸದ್ದು ಎಲ್ಲೋ ಕೇಳಿದಂತಿದೆಯಲ್ಲ ಎಂದುಕೊಂಡು ಅವಳು ಕತ್ತು ಹೊರಳಿಸಿದಳು. ಎರಡು ಮಾರು ದೂರದಲ್ಲಿ, ಮನೆಯ ಗೋಡೆಯಷ್ಟು ದೊಡ್ಡದಾಗಿ, ಅಕ್ಕ ಅವಳತ್ತ ನೋಡಿ ನಕ್ಕಳು.

ಏಳು ಎಣಿಸುವಷ್ಟು ಹೊತ್ತು ಇರಬಹುದು. ಅಕ್ಕ ಕೊಡೆಯ ಕಪ್ಪು ಬಟ್ಟೆಯನ್ನು ಮಡಿಲಿಂದ ಎತ್ತಿದಳು, ಯಾರೋ ಕರೆದರೆಂಬಂತೆ ಇತ್ತ ತಿರುಗಿದಳು, ನಕ್ಕಳು, ನಕ್ಕದ್ದು ಜಾಸ್ತಿಯಾಯಿತೇನೋ ಎಂದು ಕೆಳತುಟಿಯನ್ನು ಒಳಗೆಳೆದುಕೊಂಡಳು. ಅಷ್ಟರಲ್ಲಿ ಚಿತ್ರ ಇನ್ನೊಂದು ಸಾಲಿಗೆ ಹೋಯಿತು, ಕೊಡೆಗಳು ಒಂದರ ಹಿಂದೊಂದು ಬಿಚ್ಚಿಕೊಂಡವು, ಬೆಳಕು ಆರಿತು. ಹೊಲಿಗೆಯಮ್ಮ ಸೂಜಿ ಹಿಡಿದ ಕೈಯನ್ನು ಎತ್ತಿಕೊಂಡು ಹಾಗೇ ಕೂತಿದ್ದಳು.

ಅಕ್ಕ ಸತ್ತು ನಲವತ್ತೊಂದು ವರ್ಷವಾಗಿತ್ತು. ಮದುವೆಗೆ ಮೂರು ವಾರವಿದೆ ಎನ್ನುವಾಗ ಜ್ವರ ಬಂತು, ನಾಲ್ಕನೆಯ ದಿನ ಅಕ್ಕ ಇರಲಿಲ್ಲ. ಅವಳಿಗೆ ಆಗ ಇಪ್ಪತ್ತು, ಇವಳಿಗೆ ಹದಿನೆಂಟು. ಇಬ್ಬರೂ ಒಂದೇ ಕೊಡೆ ಕಾರ್ಖಾನೆಗೆ ಹೋಗುತ್ತಿದ್ದರು. ಅಂದಿನ ದಿನಗಳಲ್ಲಿ ಅವರಂಥವರ ಮನೆಯಲ್ಲಿ ಫೋಟೊ ತೆಗೆಸುತ್ತಿದ್ದದ್ದು ಮದುವೆಗೆ ಮಾತ್ರ. ಅಕ್ಕನ ಮದುವೆ ಆಗಲೇ ಇಲ್ಲ. ಹೀಗಾಗಿ ಆ ಮುಖ ಉಳಿದದ್ದು ತಂಗಿಯ ತಲೆಯೊಳಗೆ, ಅಲ್ಲಿಂದಲೂ ಅದು ಮೆಲ್ಲಮೆಲ್ಲಗೆ ಸವೆಯಿತು. ಮೊದಲು ಹುಬ್ಬು ಮರೆತುಹೋಯಿತು, ಆಮೇಲೆ ಮೂಗು. ಹತ್ತು ವರ್ಷದಿಂದೀಚೆಗೆ ಅಕ್ಕ ಎಂದರೆ ಒಂದು ಉದ್ದ ಜಡೆ, ಒಂದು ದನಿ, ಅಷ್ಟೇ.

ಮ್ಯಾನೇಜರಮ್ಮ ಕೆಳಗಿಳಿದು ಬಂದಾಗ, ಈಗ ಹಾಕಿದ್ದು ಯಾವ ಚಿತ್ರ ಎಂದು ಅವಳು ಆದಷ್ಟು ಸಹಜವಾಗಿ ಕೇಳಿದಳು. ಕೊಡೆ ಹೇಗೆ ತಯಾರಾಗುತ್ತದೆ ಎಂದು ತೋರಿಸಲು ಯಾವುದೋ ಕಾರ್ಖಾನೆಯವರು ಮಾಡಿಸಿದ್ದಂತೆ, ಹನ್ನೆರಡು ನಿಮಿಷದ್ದಂತೆ, ಯಾರದೋ ಅಟ್ಟದ ಮೇಲೆ ಸಿಕ್ಕಿದ್ದಂತೆ. ಶನಿವಾರದವರೆಗೆ ತೋರಿಸಿ ಭಾನುವಾರ ಡಬ್ಬಿ ವಾಪಸು ಕಳಿಸಬೇಕು. ಯಾವ ಹೊತ್ತಿಗೆ ತೋರಿಸ್ತೀರಿ ಎಂದು ಕೇಳಿದ್ದಕ್ಕೆ ಮ್ಯಾನೇಜರಮ್ಮ ನಕ್ಕುಬಿಟ್ಟರು. "ಅದು ನನಗೂ ಗೊತ್ತಿಲ್ಲಮ್ಮ. ಚೀಟಿ ಎತ್ತಿದ ಮೇಲೆ ಗೊತ್ತಾಗೋದು."

ಮ್ಯಾನೇಜರಮ್ಮ ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಪಾಠ ಮಾಡಿದವರು. ನಿವೃತ್ತಿಯಾದ ಮೇಲೆ ಟೈರ್ ಅಂಗಡಿಯ ಮಹಡಿಯಲ್ಲಿದ್ದ ಗೋದಾಮನ್ನು ಹಿಡಿದು, ಮುಚ್ಚಿಹೋದ ಮೂರು ಟಾಕೀಸುಗಳಿಂದ ಮೂರು ಬಣ್ಣದ ಕುರ್ಚಿಗಳನ್ನು ತಂದು ಹಾಕಿ, ಎಪ್ಪತ್ತೆರಡು ಜನ ಕೂರುವ ಚಿತ್ರಮಂದಿರ ಮಾಡಿದ್ದರು. ವಾರಕ್ಕೆ ಏಳು ಚಿತ್ರ. ಒಂದಕ್ಕೊಂದು ಎಣ್ಣೆ ಸೀಗೇಕಾಯಿ ಸಂಬಂಧ. ಮಧ್ಯಾಹ್ನ ಎರಡಕ್ಕೆ ಬಿಸ್ಕೆಟ್ ಡಬ್ಬಿಯೊಳಗೆ ಚೀಟಿ ಕುಲುಕಿ, ಬಂದ ಸರದಿಯಲ್ಲಿ ಹಾಕುತ್ತ ಹೋಗುವುದು, ಆರು ಗಂಟೆಗೆ ನಿಲ್ಲಿಸುವುದು. ಇದಕ್ಕೆ ತಲೆಬುಡ ಇಲ್ಲವಲ್ಲ ಎಂದು ಯಾರಾದರೂ ಗೊಣಗಿದರೆ, ಭೂಪಟಕ್ಕೆ ಎಲ್ಲಿದೆ ತಲೆಬುಡ ಎಂದು ತಿರುಗಿ ಕೇಳುತ್ತಿದ್ದರು.

ಆ ಸಂಜೆ ಮನೆಗೆ ಬಂದಾಗ ಗಂಡ ಜಗಲಿಯಲ್ಲಿ ಕೂತು ಯಾರದೋ ತಕ್ಕಡಿಯ ಮುಳ್ಳನ್ನು ಸರಿಮಾಡುತ್ತಿದ್ದರು. ಓಣಿಯವರೆಲ್ಲ ಅವರನ್ನು ಕರೆಯುತ್ತಿದ್ದದ್ದೇ ತಕ್ಕಡಿಯವರು ಎಂದು. ಮಾತನ್ನೂ ತೂಗಿಯೇ ಆಡುವವರು, ಅದರಲ್ಲೂ ತೂಕ ಕಮ್ಮಿ ಎಂದು ಮಗಳು ಆಡಿಕೊಳ್ಳುತ್ತಿದ್ದಳು. ಹೊಲಿಗೆಯಮ್ಮ ಹೇಳಬೇಕೆಂದು ಬಾಯಿ ತೆರೆದಳು. ಅನ್ನ ಇಡಲಾ ಎಂದಷ್ಟೇ ಬಂತು.

ಅಕ್ಕ ಮದುವೆಯಾಗಬೇಕಾಗಿದ್ದದ್ದು ಇವರನ್ನೇ. ವರ್ಷ ಕಳೆದ ಮೇಲೆ ಎರಡೂ ಮನೆಯ ಹಿರಿಯರು ಕೂತು, ಕೊಟ್ಟ ಮಾತು ಕೊಟ್ಟಂತೆಯೇ ಇರಲಿ, ತಂಗಿ ಇದ್ದಾಳಲ್ಲ ಎಂದು ತೀರ್ಮಾನಿಸಿದರು. ಅಕ್ಕನಿಗೆಂದು ಹೊಲಿಸಿದ್ದ ಮದುವೆಯ ಬಟ್ಟೆಯನ್ನು ಎರಡು ಬೆರಳು ಒಳಗೆ ಹಿಡಿದು ಹೊಲಿದು ಇವಳು ತೊಟ್ಟಳು. ಅವತ್ತಿನಿಂದ ಇವಳಿಗೆ ಒಂದು ನಂಬಿಕೆ ಗಟ್ಟಿಯಾಗಿ ಕೂತಿತ್ತು. ಈ ಮನುಷ್ಯ ಒಳ್ಳೆಯವರು, ಕೈಯೆತ್ತಿದವರಲ್ಲ, ದನಿಯೆತ್ತಿದವರಲ್ಲ. ಆದರೆ ಅವರ ಮನಸ್ಸು ಬೇರೆ ಕಡೆ ಒಂದು ಕುರ್ಚಿ ಹಾಕಿಟ್ಟಿದೆ, ಅದರಲ್ಲಿ ಕೂತವಳು ತಾನಲ್ಲ. ಮಗಳು ಹುಟ್ಟಿದಾಗ ಅಕ್ಕನ ಹೆಸರಿಡೋಣ ಎಂದಿದ್ದಳು. ಅವರು ಬೇಡ ಎಂದರು. ಆಮೇಲೆ ಅಕ್ಕನ ಮಾತು ಆ ಮನೆಯೊಳಗೆ ಬರಲಿಲ್ಲ.

ಮಾರನೆಯ ದಿನ ಅವಳು ಎರಡು ಗಂಟೆಗೆ ಮೊದಲೇ ಹೋಗಿ ಕೆಂಪು ಕುರ್ಚಿಯೊಂದರಲ್ಲಿ ಕೂತಳು. ಇಳಿತೆರೆಯ ಹೊಲಿಗೆ ಹೇಗೆ ನಿಂತಿದೆ ನೋಡಬೇಕು ಎಂದು ಮ್ಯಾನೇಜರಮ್ಮನಿಗೆ ಹೇಳಿದಳು. ಚೀಟಿ ಯಾವ ಸರದಿಯಲ್ಲಿ ಬರುತ್ತದೋ ಗೊತ್ತಿಲ್ಲದ್ದರಿಂದ ಬಂದದ್ದನ್ನೆಲ್ಲ ನೋಡಬೇಕಾಯಿತು. ಮೊದಲು ಇರುವೆಗಳು. ಅರ್ಧ ಗಂಟೆ ಬರೀ ಇರುವೆಗಳು ಒಂದು ಎಲೆಯನ್ನು ಹೊತ್ತು ಗೋಡೆ ಹತ್ತಿದವು. ಎಲೆ ಬಿದ್ದಾಗ ಹಿಂದಿನ ಸಾಲಿನಲ್ಲಿ ಯಾರೋ ಅಯ್ಯೋ ಎಂದರು. ಆಮೇಲೆ ಒಂದು ದೆವ್ವದ ಚಿತ್ರ. ಆ ದೆವ್ವ ಪಾಪದ್ದು, ಯಾರನ್ನೂ ಹೆದರಿಸದೆ ಮನೆಯವರು ಮಲಗಿದಾಗ ಪಾತ್ರೆಗಳನ್ನು ಜೋಡಿಸಿಡುತ್ತಿತ್ತು. ಆಮೇಲೆ ಭಾಷೆ ತಿಳಿಯದ ಗಂಡಹೆಂಡತಿಯ ಜಗಳ. ನಾಲ್ಕನೆಯದು ಕೊಡೆ. ಆರನೆಯ ನಿಮಿಷದಲ್ಲಿ ಅಕ್ಕ ಬಂದಳು, ನಕ್ಕಳು, ತುಟಿ ಒಳಗೆಳೆದುಕೊಂಡಳು, ಹೋದಳು.

ಅಲ್ಲಿಂದ ಅವಳ ವಾರ ಒಂಥರಾ ನೀರೊಳಗೆ ನಡೆದಂತೆ ನಡೆಯಿತು. ಬೆಳಿಗ್ಗೆ ಮೆಷೀನು ತುಳಿಯುವಾಗ ಬಟ್ಟೆಯ ಮಡಿಕೆಗಳಲ್ಲಿ ಇರುವೆಗಳ ಸಾಲು ಕಂಡಂತಾಗುತ್ತಿತ್ತು. ಪಾತ್ರೆ ತೊಳೆದಿಟ್ಟು ತಿರುಗಿದರೆ ಯಾರೋ ಅವನ್ನು ಜೋಡಿಸಿಟ್ಟಿದ್ದಾರೆ ಅನಿಸುತ್ತಿತ್ತು. ಸಿನಿಮಾ ಅಂದರೆ ಬೆಂಕಿ ಇಲ್ಲದ ಅಡುಗೆ ಎಂದು ಮೂಗು ಮುರಿಯುತ್ತಿದ್ದವಳು ಈಗ ಕುದುರೆಗಳ ಚಿತ್ರದಲ್ಲಿದ್ದ ಕುರುಡು ಕುದುರೆಗೆ ಇವತ್ತಾದರೂ ಹೊಳೆ ದಾಟುವ ದಾರಿ ಸಿಗಬಾರದೇ ಎಂದು ಹಾರೈಸುತ್ತ ಕೂರುತ್ತಿದ್ದಳು. ಮಂಗಳವಾರ ಕೊಡೆಯ ಚೀಟಿ ಮೊದಲೇ ಬಂತು. ಆದರೂ ಎದ್ದು ಹೋಗಲಿಲ್ಲ. ಬುಧವಾರ ಅಕ್ಕನ ಎಡ ಹುಬ್ಬು ಬಲಕ್ಕಿಂತ ಕೊಂಚ ಮೇಲಿದೆಯೆಂದು ಗೊತ್ತಾಯಿತು. ಗುರುವಾರ ಮೂಗಿನ ಪಕ್ಕ ಒಂದು ಚುಕ್ಕೆ. ಅದು ಮಚ್ಚೆಯೋ ರೀಲಿನ ಮೇಲಿನ ಧೂಳೋ ಎಂದು ರಾತ್ರಿಯೆಲ್ಲ ಯೋಚಿಸಿದಳು. ಶುಕ್ರವಾರ ಮತ್ತೆ ನೋಡಿದಾಗ ಅದು ಅಲ್ಲೇ ಇತ್ತು. ಮಚ್ಚೆ. ಹೇಗೆ ಮರೆತಿದ್ದಳು!

ಶುಕ್ರವಾರ ಸಂಜೆ ಮೆಟ್ಟಿಲಿಳಿಯುವಾಗಲೇ ಅವಳಿಗೆ ಕಸಿವಿಸಿ ಶುರುವಾದದ್ದು. ನಾಳೆಗೆ ಮುಗಿಯಿತು. ಮುಖ ಮತ್ತೆ ಡಬ್ಬಿಯೊಳಗೆ ಹೋಗುತ್ತದೆ. ಅದನ್ನು ನೋಡಲು ತನಗಿಂತ ಹೆಚ್ಚು ಹಕ್ಕಿದ್ದವರು ಮನೆಯ ಜಗಲಿಯಲ್ಲಿ ಕೂತಿದ್ದಾರೆ, ಅವರ ಪಾಲಿನದನ್ನು ತಾನು ಐದು ದಿನದಿಂದ ಒಬ್ಬಳೇ ಮುಚ್ಚಿಟ್ಟುಕೊಂಡು ತಿಂದಂತಾಯಿತಲ್ಲ. ತೋರಿಸಬಹುದು. ತೋರಿಸಿದರೆ, ಅವರ ಮುಖದ ಮೇಲೆ ಏನು ಮೂಡುತ್ತದೋ ಅದನ್ನು ತಾನು ನೋಡಬೇಕು. ನೋಡಿದ ಮೇಲೆ ಅದೇ ಮನೆಗೆ ಬಂದು ಅದೇ ತಟ್ಟೆಗಳನ್ನಿಟ್ಟು ಊಟ ಬಡಿಸಬೇಕು. ಇಷ್ಟು ವರ್ಷ ಅಂದಾಜಿನಲ್ಲಿದ್ದದ್ದು ನಾಳೆಯಿಂದ ಕಣ್ಣಾರೆ ಕಂಡದ್ದಾಗುತ್ತದೆ. ಐವತ್ತೊಂಬತ್ತು ವರ್ಷದ ಹೆಂಗಸಿಗೆ ಇಪ್ಪತ್ತರ ಹುಡುಗಿಯ ಮೇಲೆ, ಅದೂ ಸ್ವಂತ ಅಕ್ಕನ ಮೇಲೆ, ಹೊಟ್ಟೆಕಿಚ್ಚೇ ಎಂದು ತನಗೆ ತಾನೇ ಬೈದುಕೊಂಡಳು. ಬೈದುಕೊಂಡರೆ ಅದು ಹೋಗುತ್ತದೆಯೇ?

ಶನಿವಾರ ಊಟವಾದ ಮೇಲೆ, ಒಂದು ಸಿನಿಮಾ ನೋಡಿ ಬರೋಣ ಬನ್ನಿ ಎಂದಳು. ತಕ್ಕಡಿಯವರು ಕನ್ನಡಕದ ಮೇಲಿಂದ ಅವಳನ್ನು ನೋಡಿ, ಒಗೆದ ಅಂಗಿ ಹಾಕಿಕೊಂಡರು.

ಮೊದಲು ಕುದುರೆ ಬಂತು. ಆಮೇಲೆ ದೆವ್ವ; ದೆವ್ವ ಲೋಟಗಳನ್ನು ಬೋರಲು ಹಾಕುವಾಗ ತಕ್ಕಡಿಯವರು ಎರಡು ಸಲ ನಕ್ಕರು. ಮೂರನೆಯ ಚೀಟಿ ಕೊಡೆಯದು. ಯಂತ್ರದ ಸದ್ದು ಶುರುವಾದ ಕೂಡಲೇ ಅವಳು ಗಂಡನ ಕಿವಿಯ ಹತ್ತಿರ ಬಾಗಿ, ಇದು ನಮ್ಮ ಕಾರ್ಖಾನೆ, ಸರಿಯಾಗಿ ನೋಡಿ ಎಂದಳು. ಆಮೇಲೆ ಪರದೆಯಿಂದ ಕಣ್ಣು ತೆಗೆದು ಅವರ ಮುಖವನ್ನೇ ನೋಡುತ್ತ ಕೂತಳು. ಎಷ್ಟನೆಯ ನಿಮಿಷ ಎಂದು ಅವಳಿಗೆ ಪರದೆ ನೋಡದೆಯೂ ಗೊತ್ತಾಗುತ್ತಿತ್ತು. ಬೆಳ್ಳಗಿನ ಬೆಳಕು ಅವರ ಕೆನ್ನೆಯ ಮೇಲೆ ಹಾಯಿತು. ಈಗ ಅಕ್ಕ ಬಟ್ಟೆ ಎತ್ತಿದಳು. ಈಗ ತಿರುಗಿದಳು. ಈಗ ನಕ್ಕಳು. ತಕ್ಕಡಿಯವರು ಮುಂದಕ್ಕೆ ಬಾಗಿದರು. ಅವರ ಬಾಯಿ ಸಣ್ಣದಾಗಿ ತೆರೆದುಕೊಂಡಿತು, ಕಣ್ಣ ಸುತ್ತ ಗೆರೆಗಳು ಕೂಡಿಬಂದವು. ಅಷ್ಟು ಮೆತ್ತಗಿನ ಮುಖವನ್ನು ಅವಳು ಮಗಳು ಹುಟ್ಟಿದ ದಿನ ಒಮ್ಮೆ ಮಾತ್ರ ನೋಡಿದ್ದಳು. ಆಯಿತು, ಅಂದುಕೊಂಡಳು. ಕಂಡದ್ದಾಯಿತು.

ಕೊಡೆಗಳು ಬಿಚ್ಚಿಕೊಳ್ಳುವ ಸದ್ದು ಮುಗಿಯಿತು. ಕತ್ತಲಾಯಿತು.

"ಕಂಡಳಾ?" ಎಂದು ಕೇಳಿದಳು. ದನಿ ಗಟ್ಟಿಯಾಗಿಯೇ ಬಂತು.

"ಕಾಣದೆ ಏನು. ಬಲಗಡೆ ಕೊನೇಲಿ ಕೂತಿದ್ದೆ, ಕೊಡೆ ಕಡ್ಡಿಗೆ ದಾರ ಸುತ್ತುತಾ."

ಅವಳಿಗೆ ಅರ್ಥವಾಗಲಿಲ್ಲ. ಯಾರು ಎಂದಳು.

"ನೀನು ಕಣೇ. ದಾರ ಹಲ್ಲಲ್ಲಿ ಕಡಿದು, ಕೈ ಕಿವಿ ಹತ್ರ ಒಯ್ದೆಯಲ್ಲ, ಈಗಲೂ ಹಾಗೇ ಮಾಡ್ತೀಯ. ಕೆನ್ನೆ ಯಾಕೆ ಊದಿತ್ತು?"

ಕೆನ್ನೆ. ಹೌದು, ಹಲ್ಲುನೋವು. ಕ್ಯಾಮೆರಾದವರು ಬರುವ ದಿನ ಎಲ್ಲ ಹುಡುಗಿಯರೂ ಎರಡೆರಡು ಸಲ ತಲೆ ಬಾಚಿಕೊಂಡಿದ್ದರು. ಇವಳೊಬ್ಬಳು ಈ ಮುಖ ಹೊತ್ತು ಎಲ್ಲಿ ಕೂರಲಿ ಎಂದು ಅಳುಮೋರೆ ಮಾಡಿದ್ದಳು. ಅಕ್ಕನೇ ಅವಳನ್ನು ಕಡ್ಡಿಯ ಪೆಟ್ಟಿಗೆಗಳ ಹಿಂದೆ ಕೂರಿಸಿ, ಇಲ್ಲಿ ಕೂತರೆ ನೀನು ಚಿತ್ರದಲ್ಲಿ ಬೀಳಲ್ಲ, ನಾನು ಹೇಳ್ತೀನಲ್ಲ ಎಂದಿದ್ದಳು. ಐದು ದಿನ ನೋಡಿದರೂ ಇವಳ ಕಣ್ಣು ಅಕ್ಕನನ್ನು ಬಿಟ್ಟು ಒಂದು ಗೇಣು ಆಚೆ ಹೋಗಿರಲಿಲ್ಲ. ಇವತ್ತು ಪರದೆಯನ್ನೇ ನೋಡಲಿಲ್ಲ.

"ಮತ್ತೆ ನಡುವೆ ಇದ್ದವಳು?" ಎಂದಳು. "ನಕ್ಕಳಲ್ಲ, ಅವಳು?"

ತಕ್ಕಡಿಯವರು ನೆನಪು ಮಾಡಿಕೊಳ್ಳುವವರಂತೆ ಖಾಲಿ ಪರದೆಯನ್ನು ನೋಡಿದರು. ಆಮೇಲೆ ಅವರಿಗೆ ಹೊಳೆದಿರಬೇಕು, ಅವಳತ್ತ ತಿರುಗಿದರು. ಅದು ಅವಳೇನಾ ಎಂದು ಕೇಳಿದರು. ಹೂಂ ಎಂದಳು.

"ಗುರುತು ಸಿಗಲಿಲ್ಲ ನನಗೆ," ಎಂದರು. "ನಾನು ಅವಳನ್ನ ನೋಡಿದ್ದು ಎರಡೇ ಸಲ. ಎರಡು ಸಲಾನೂ ತಲೆ ಬಗ್ಗಿಸ್ಕೊಂಡೇ ಇದ್ದಳು. ಮುಖ ಸರಿಯಾಗಿ ನೋಡಿದ್ದು ಇವತ್ತೇ ಅಂತಿಟ್ಕೋ."

ಹಾಗಾದರೆ ಮಗುವಿಗೆ ಆ ಹೆಸರು ಬೇಡ ಅಂದದ್ದೇಕೆ ಎಂದು ಕೇಳಿದಳು. ಕೇಳಬಾರದೆಂದು ಇಷ್ಟು ವರ್ಷ ಇಟ್ಟುಕೊಂಡಿದ್ದದ್ದು ಬಸ್ಸಿನ ಟೈಮು ಕೇಳಿದಷ್ಟು ಸಲೀಸಾಗಿ ಹೊರಬಿತ್ತು. ಅವರು ತೂಗಿನೋಡಲಿಲ್ಲ. ಪ್ರತಿ ಸಲ ಮಗೂನ ಕೂಗುವಾಗ ನಿನ್ನ ಕಣ್ಣಲ್ಲಿ ನೀರು ಬರೋದು ಬೇಡ ಅನಿಸಿತ್ತು, ಎಂದರು.

ಹೊಲಿಗೆಯಮ್ಮ ಕುರ್ಚಿಯ ಕೈಯನ್ನು ಹಿಡಿದುಕೊಂಡು ಕೂತಳು. ಹಗುರಾಗಬೇಕಾಗಿತ್ತು, ಆಗಲಿಲ್ಲವೆಂದಲ್ಲ. ಆದರೆ ಅದರ ಹಿಂದೆಯೇ ಇನ್ನೊಂದು ಬಂದು ನಿಂತಿತು. ಅಕ್ಕನನ್ನು ಹೊತ್ತು ನಡೆಯುವವರು ಇಬ್ಬರಿದ್ದಾರೆ ಎಂದು ಅವಳು ಇಷ್ಟು ಕಾಲವೂ ತಿಳಿದಿದ್ದಳು. ಆ ಇನ್ನೊಬ್ಬರ ಸಲುವಾಗಿ ಅಕ್ಕನ ಮೇಲೆ ಕರುಬಿದ್ದಳು, ಒಳಗೊಳಗೆ ಅವರನ್ನೇ ನೆಚ್ಚಿಕೊಂಡೂ ಇದ್ದಳು. ಈಗ ನೋಡಿದರೆ ಆ ಕಡೆ ಯಾರೂ ಇರಲಿಲ್ಲ. ಅಪ್ಪ ಅಮ್ಮ ಹೋಗಿ ಎಷ್ಟೋ ಕಾಲವಾಗಿತ್ತು. ಕೆಳತುಟಿ ಒಳಗೆಳೆದುಕೊಳ್ಳುವ ಆ ಹುಡುಗಿ ಯಾರೆಂದು ಬಲ್ಲವಳು ಭೂಮಿಯ ಮೇಲೆ ತಾನೊಬ್ಬಳೇ.

ಅವಳು ಅಳುತ್ತಿದ್ದಾಳೆಂದು ತಕ್ಕಡಿಯವರಿಗೆ ಕತ್ತಲಲ್ಲಿ ಹೇಗೋ ತಿಳಿಯಿತು. ಸಮಾಧಾನದ ಮಾತು ಅವರಿಗೆ ಬರುತ್ತಿರಲಿಲ್ಲ. "ಹೇಗಿದ್ದಳು ಅವಳು?" ಎಂದು ಕೇಳಿದರು.

ಮೇಲೆ ಕಿಂಡಿಯ ಹಿಂದೆ ಚೀಟಿಯ ಡಬ್ಬಿ ಕುಲುಕಿದ ಸದ್ದಾಯಿತು. ಬಂದದ್ದು ವಾರವಿಡೀ ಹೊತ್ತು ಸಾಲದೆ ಉಳಿದೇ ಹೋಗುತ್ತಿದ್ದ ಚಿತ್ರ. ಅದನ್ನು ಅವಳೂ ನೋಡಿರಲಿಲ್ಲ. ಅವಳು ಗಂಡನ ಕಡೆ ವಾಲಿ, ಅಕ್ಕ ನಿದ್ದೆಯಲ್ಲಿ ಲೆಕ್ಕ ಹೇಳುತ್ತಿದ್ದಳೆಂದೂ, ಬೆಕ್ಕು ಕಂಡರೆ ಹೆದರುತ್ತಿದ್ದಳೆಂದೂ, ಅದನ್ನು ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಳೆಂದೂ ಪಿಸುದನಿಯಲ್ಲಿ ಹೇಳತೊಡಗಿದಳು. ಮುಂದಿನ ಸಾಲಿನವರು ಒಮ್ಮೆ ತಿರುಗಿ ನೋಡಿದರು. ಅವಳು ದನಿಯನ್ನು ಇನ್ನಷ್ಟು ತಗ್ಗಿಸಿದಳು, ನಿಲ್ಲಿಸಲಿಲ್ಲ. ತಕ್ಕಡಿಯವರು ತಮ್ಮ ಒಳ್ಳೆಯ ಕಿವಿಯನ್ನು ಅವಳತ್ತ ಕೊಟ್ಟು, ಕಣ್ಣನ್ನು ಪರದೆಯ ಮೇಲಿಟ್ಟಿದ್ದರು. ಅಲ್ಲಿ ಮಂಜು ಮುಸುಕಿದ ನೀರು. ಮಂಜಿನೊಳಗಿಂದ ಒಂದು ದೋಣಿ ಮೂಡಿ ಬಂತು, ದೋಣಿಯ ನಡುವೆ ಕನ್ನಡಿಯಿರುವ ಒಂದು ಮರದ ಬೀರು ನಿಂತಿತ್ತು. ಹುಟ್ಟು ಹಾಕುತ್ತಿದ್ದ ಹೆಂಗಸು ಒಮ್ಮೆ ಕೈ ನಿಲ್ಲಿಸಿ ದಮ್ಮು ತೆಗೆದುಕೊಂಡಳು. ದೋಣಿ ಸದ್ದಿಲ್ಲದೆ ತಾನೇ ಮುಂದಕ್ಕೆ ಜಾರಿತು.