ನಾಲಿಗೆಯಿಂದ ಕೆನ್ನೆಗೆ

ಗುರುವಾರದ ಬಟಾಣಿ ಸೂಪು ಹೆಲ್ವಿಯ ಬಾಯಿಗೆ ಹೋದಾಗಲೆಲ್ಲ ಅವಳ ಬಲಗೆನ್ನೆ ಮೇಲಕ್ಕೆ ಜಿಗಿಯುತ್ತಿತ್ತು. ಒಂದು ಚಮಚ, ಒಂದು ಚೂರು ನಗು. ಎದುರಿಗೆ ಕೂತ ಗಂಡ ತೈಸ್ತೊ ಕಪ್ಪು ರೊಟ್ಟಿಯನ್ನು ಹರಿಯುತ್ತ ಅದನ್ನೇ ದುರುಗುಟ್ಟಿ ನೋಡುತ್ತಿದ್ದ. ಸೂಪಿಗೆ ನಗುತ್ತಾಳೆ. ಅದರಲ್ಲಿ ಬೆಂದ ಹಂದಿಮಾಂಸದ ತುಂಡಿಗೆ ನಗುತ್ತಾಳೆ. ತನಗೆ ಮಾತ್ರ ಇಲ್ಲ.

ಅದು ನಗುವಲ್ಲ ಎಂದು ಅವನಿಗೂ ಗೊತ್ತಿತ್ತು. ಹಿಂದಿನ ವರ್ಷ ಹೆಲ್ವಿಯ ಬಲಗಿವಿಯ ಕೆಳಗೆ ಎದ್ದಿದ್ದ ಗೆಡ್ಡೆಯನ್ನು ತಮ್ಮ ತುರ್ಕು ಊರಿನ ಆಸ್ಪತ್ರೆಯಲ್ಲಿ ತೆಗೆದಾಗ, ಅದರೊಳಗೆ ಸಿಕ್ಕಿಕೊಂಡಿದ್ದ ಮುಖದ ನರವೂ ಹೋಯಿತು. ಕಿವಿಯ ಕೆಳಗಿನಿಂದ ಹೊರಟು ಹಣೆಗೆ, ಕಣ್ಣಿಗೆ, ಕೆನ್ನೆಗೆ, ತುಟಿಗೆ, ಗದ್ದಕ್ಕೆ ಕವಲೊಡೆಯುವ ನರ ಅದು. ಅರ್ಧ ಮುಖ ಹಸಿಬಟ್ಟೆಯ ಹಾಗೆ ಜೋತುಬಿತ್ತು. ಆಮೇಲೆ ಇನ್ನೊಂದು ಸಲ ಕೊಯ್ದರು. ದವಡೆಯಡಿಯಲ್ಲಿ ನಾಲಿಗೆಯ ಬಲಭಾಗಕ್ಕೆ ಹೋಗುವ ನರವನ್ನು ಕತ್ತರಿಸಿ, ಮೇಲಕ್ಕೆ ತಿರುಗಿಸಿ, ಮುಖದ ನರದ ಉಳಿದ ತುದಿಗೆ ಹೊಲಿದರು. ನರ ಬೇರಿನಂತೆ ನಿಧಾನವಾಗಿ ಇಳಿಯಿತು. ಹಿಮ ಕರಗುವ ಹೊತ್ತಿಗೆ ಕೆನ್ನೆ ಮಿಸುಕಿತು. ಆದರೆ ಮಿದುಳಿಗೆ ಈ ಹೊಸ ಹಾದಿ ಗೊತ್ತಿಲ್ಲ. ಅದು ನಾಲಿಗೆಗೆಂದು ಕಳಿಸಿದ ಅಪ್ಪಣೆ ಕೆನ್ನೆಗೆ ಹೋಗಿ ಮುಟ್ಟುತ್ತದೆ. ತಾನಾಗಿ ನಗು ಬಂದರೆ ಎಡಗಡೆ ಮಾತ್ರ ಅರಳಿ ಮುಖ ಸೊಟ್ಟಗಾಗುತ್ತದೆ. ಪೂರ್ತಿ ನಗು ಬೇಕೆಂದರೆ ನಾಲಿಗೆಯನ್ನು ಹಲ್ಲಿಗೆ ಒತ್ತಿ ಹಿಡಿಯಬೇಕು.

ತೈಸ್ತೊ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. "ಸೈರನ್ನಿನ ತಂತಿ ತಂದು ದೀಪಕ್ಕೆ ಜೋಡ್ಸಿದಾರೆ. ನಾನು ಹಂಗೆ ಮಾಡಿದ್ರೆ ಅವತ್ತೇ ಗೇಟಿಂದ ಆಚೆ ಹಾಕ್ತಿದ್ರು" ಎಂದು ಮೊದಮೊದಲು ತಮಾಷೆ ಮಾಡುತ್ತಿದ್ದ. ಹೆಲ್ವಿ ನಗುತ್ತಿದ್ದಳು, ಆದರೆ ಬಾಯಿಗೆ ಅಂಗೈ ಅಡ್ಡ ಹಿಡಿದು, ಗೋಡೆಯ ಕಡೆ ತಿರುಗಿ. ಬರಬರುತ್ತ ತಮಾಷೆ ನಿಂತಿತು. ಅಂಗೈ ನಿಲ್ಲಲಿಲ್ಲ.

ಸ್ಟಾಕ್‌ಹೋಮಿಗೆ ಹೋಗುವ ಪ್ರಯಾಣಿಕರ ಹಡಗಿನಲ್ಲಿ ಅವಳು ಊಟ ಬಡಿಸುವವಳು. ಮೇಲ್ವಿಚಾರಕಿ ಕರೆಸಿ ಹೇಳಿದ್ದಳು: "ನಮ್ಮ ಕೆಲಸಕ್ಕೆ ಮುಖ ಬೇಕು ಹೆಲ್ವಿ. ಸೋಮವಾರ ಬಾ, ನೋಡೋಣ. ನಗೋಕಾಗ್ಲಿಲ್ಲ ಅಂದ್ರೆ ಕೆಳಗೆ ಪಾತ್ರೆ ತೊಳೆಯೋಕೆ ಹಾಕ್ತೀವಿ." ತಟ್ಟೆ ಹೊರುವ ತೋಳಿಗೆ ಕೂಲಿ, ಬಾತುಕೊಳ್ಳುವ ಕಾಲಿಗೆ ಕೂಲಿ ಎಂದು ಕರಾರು ಬರೆಸಿಕೊಂಡು, ಮುಖವನ್ನು ಪುಕ್ಕಟೆ ಬಾಚಿಕೊಳ್ಳುವ ಜನ! ಕುಡಿದು ತೂರಾಡುವವರಿಗೆಲ್ಲ ಅವಳು ಇಷ್ಟು ವರ್ಷ ಹಂಚಿದ ನಗುವನ್ನು ಯಾರೂ ಕೆಲಸವೆಂದು ಕರೆದಿರಲಿಲ್ಲ. ಅದು ನಿಂತ ದಿನ ಮಾತ್ರ ಕೆಲಸದಲ್ಲಿ ಕೊರತೆ ಕಂಡಿತು.

ಅದಕ್ಕೇ ಆಸ್ಪತ್ರೆಯಲ್ಲಿ ಮುಖದ ವ್ಯಾಯಾಮ ಕಲಿಸುವ ಹುಡುಗ ಕ್ರಿಸ್ತೆರ್ ಹತ್ತಿರ ಕನ್ನಡಿಯ ಮುಂದೆ ಅಭ್ಯಾಸ. ಮೊನ್ನೆ ಮಂಗಳವಾರ ಹೆಂಡತಿಯನ್ನು ಕರೆದುಕೊಂಡು ಬರೋಣವೆಂದು ತೈಸ್ತೊ ಬೇಗ ಹೊರಟು ಹೋಗಿದ್ದ. ಬಾಗಿಲಿನ ಗಾಜಿನಾಚೆ ಕಂಡದ್ದು: ಆ ತೆಳ್ಳಗಿನ ಹುಡುಗ ಅವಳ ಕೆನ್ನೆಯ ಮೇಲೆ ಎರಡು ಬೆರಳಿಟ್ಟು ಏನೋ ಹೇಳಿದ. ಹೆಲ್ವಿ ನಕ್ಕಳು. ಪೂರ್ತಿ, ಎರಡೂ ಕಡೆ. ಮದುವೆಗೆ ಮುಂಚೆ ಸರೋವರದ ದಂಡೆಯ ಕುಣಿತದ ಮಂಟಪದಲ್ಲಿ ತೈಸ್ತೊನನ್ನು ಮೋಹಕ್ಕೆ ಕೆಡವಿದ್ದ ಅದೇ ನಗು. ಅಂಗೈ ಎಲ್ಲಿ? ಮಡಿಲಲ್ಲಿ ತೆಪ್ಪಗೆ ಬಿದ್ದಿತ್ತು. ಅವನು ಬಾಗಿಲು ತಟ್ಟದೆ ಒಬ್ಬನೇ ಬಸ್ಸು ಹತ್ತಿದ.

ಮರುದಿನ ಕೇಬಲ್ ಎಳೆಯುವಾಗ ಜೊತೆಗಾರ ರೇನೊ ಗಾಯಕ್ಕೆ ಉಪ್ಪು ಸವರಿದ. "ಏನಯ್ಯಾ, ನಿನ್ ಹೆಂಡ್ತಿ ನಗೋದು ಕಲಿಯೋಕೆ ಹೋಗ್ತಾಳಂತೆ? ಮನೇಲಿ ನೀನೇ ಕಲಿಸ್ಬಾರ್ದಾ?"

"ಬಾಯ್ಮುಚ್ಕೊಂಡು ಎಳಿ."

"ಆ ಸ್ವೀಡಿಷ್ ಮಾತಾಡೋ ಹುಡ್ಗನ ಕೈ ಬೆಣ್ಣೆ ಹಂಗಿದೆಯಂತೆ. ನಿಂದು ನೋಡು, ಕಬ್ಬಿಣ ಉಜ್ಜೋ ಅರ!"

ಆ ಅರ ಅಂದಿನಿಂದ ಅವನ ಹೊಟ್ಟೆಯೊಳಗೇ ಉಜ್ಜುತ್ತಿತ್ತು. ಈಗ ಸೂಪಿನ ಮುಂದೆ ಹೊರಬಿತ್ತು.

"ಅವನಿಗೆ ಪೂರ್ತಿ ನಗ್ತೀಯ."

"ಯಾರಿಗೆ?"

"ಆ ಬೆಣ್ಣೆ ಕೈಯವನಿಗೆ. ಗಾಜಿಂದ ನೋಡ್ದೆ. ಸೋಮವಾರದಿಂದ ಹಡಗು ತುಂಬ ಹಂಚ್ತೀಯ. ನನ್ ಮುಂದೆ ಮಾತ್ರ ಕೈ ಅಡ್ಡ. ನಾನೇನು ಟಿಕೆಟ್ ತಗೊಂಡು ಬರ್ಬೇಕಾ?"

ಹೆಲ್ವಿ ಚಮಚ ಕೆಳಗಿಟ್ಟಳು. ಬಲಭಾಗ ಸೊರಗಿದ ನಾಲಿಗೆಯಿಂದ ಮಾತು ಕೊಂಚ ದಪ್ಪವಾಗಿ ಬಂತು. "ಬೇಕಾ ನಿಂಗೆ?"

"ಬೇಕು."

"ಸರಿ. ತಗೋ."

ಅವಳು ನೆಟ್ಟಗೆ ಕೂತಳು. ದವಡೆ ಬಿಗಿಯಿತು, ಬಲಗೆನ್ನೆ ಏರಿತು, ಎಡಗಡೆ ಅದಕ್ಕೆ ಸರಿಯಾಗಿ ಬಂದು ನಿಂತಿತು. ಅದೇ ನಗು. ತೈಸ್ತೊ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ.

"ಎಷ್ಟು ಚೆಂದ ಕಾಣ್ತೀಯ ಗೊತ್ತಾ" ಎಂದ.

ಅವಳು ನಗುತ್ತಲೇ ಇದ್ದಳು.

"ಕೋಪ ಬಂತಾ?"

ನಗು.

"ನಾನು ಬಾಗಿಲು ತಟ್ಬೇಕಿತ್ತು. ಅಲ್ವಾ?"

ನಗು. ಅವನಿಗೆ ಕುರ್ಚಿ ಚುಚ್ಚತೊಡಗಿತು. ಮಂಗಳವಾರದಿಂದ ಕೇಳದೆ ಉಳಿಸಿಕೊಂಡಿದ್ದುದನ್ನು ಕೇಳಿಯೇಬಿಟ್ಟ. "ಅವನ ಮೇಲೆ ನಿಂಗೆ ಮನಸ್ಸಿದ್ಯಾ?"

ಅದಕ್ಕೂ ಅದೇ ನಗು. ಹೌದೂ ಅಲ್ಲ, ಇಲ್ಲವೂ ಅಲ್ಲ. ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುವ ನಗು. ಹಡಗಿನಲ್ಲಿ ಯಾರೋ ಸೊಂಟದ ಪಟ್ಟಿ ಹಿಡಿದೆಳೆದಾಗ, ಯಾರೋ ಬಿಯರ್ ಚೆಲ್ಲಿ ಅವಳನ್ನೇ ಬೈದಾಗ ಅವರ ಕಡೆ ತಿರುಗುವುದು ಇದೇ ಎಂದು ಅವನಿಗೆ ತಟ್ಟನೆ ಹೊಳೆಯಿತು. ಅವಳ ಬಲಗೆನ್ನೆ ದಣಿದು ನಡುಗುತ್ತಿತ್ತು. ಇಳಿಸಲಿಲ್ಲ.

"ಸಾಕು" ಎಂದ. "ಹೆಲ್ವಿ, ಸಾಕು ಬಿಡು. ಏನಾದ್ರೂ ಮಾತಾಡು. ಬೈಯಾದ್ರೂ ಬೈಯಿ."

ಕೆನ್ನೆ ಇಳಿಯಿತು. ಅವಳು ದವಡೆ ನೀವಿಕೊಂಡಳು.

"ಇದನ್ನ ಹಿಡ್ಕೊಂಡಿದ್ರೆ ನಾಲಿಗೆ ಹಲ್ಲಿಗೆ ಅಂಟಿರುತ್ತೆ. ಒಂದಕ್ಷರ ಆಡೋಕಾಗಲ್ಲ. ಕಂಪನಿಯವರಿಗೆ ಬೇಕಾಗಿರೋದೂ ಅದೇ. ಮುಖ ಅರಳಿರ್ಬೇಕು, ಬಾಯಿ ಸತ್ತಿರ್ಬೇಕು. ಸಂಬಳಕ್ಕೆ ಕೊಡ್ತೀನಿ, ಬೇರೆ ದಾರಿ ಇಲ್ಲ. ಮನೇಲೂ ಅದನ್ನೇ ಕೇಳ್ತೀಯಲ್ಲೋ ದಡ್ಡ! ನಿನ್ ಹತ್ರ ಮಾತಾಡ್ತೀನಿ ನಾನು. ಬೇರೆ ಯಾರ ಹತ್ರ ಆಡ್ಲಿ?"

"ಮತ್ತೆ ಆ ಕ್ರಿಸ್ತೆರ್?"

"ಅವನಾ? ನಿಮಿಷಕ್ಕೊಂದ್ಸಲ ಸೀನ್ತಾನೆ. ಕೆನ್ನೆ ಮುಟ್ಟೋದು ಯಾವ ಸ್ನಾಯು ಏಳ್ತಿದೆ ಅಂತ ನೋಡೋಕೆ. ನಕ್ಕಾಗ ನನ್ ಮುಖ ಸೊಟ್ಟ ಅಂತ ಅವನ ಮುಂದೆ ನಾಚಿಕೆ ಇಲ್ಲ, ಅವನು ನೋಡೋದು ದಿನವಿಡೀ ಸೊಟ್ಟ ಮುಖಗಳನ್ನೇ. ನಿನ್ ಮುಂದೆ ನಾಚಿಕೆ. ಅರ್ಥ ಆಯ್ತಾ?"

ಪೂರ್ತಿ ಆಗಿರಲಿಲ್ಲ. ಎರಡು ದಿನ ಕಾಯಿಸಿದ ಕಿಚ್ಚು ಒಂದು ಮಾತಿಗೆ ಆರುವುದೇ? ಆದರೆ ಆ ಕಿಚ್ಚಿನ ಕಣ್ಣಿಗೆ ಈಗ ಆ ಹುಡುಗನ ಬೆರಳು ಕಾಣುತ್ತಿರಲಿಲ್ಲ; ಸೋಮವಾರ ಕುರ್ಚಿಯಲ್ಲಿ ಒರಗಿ ಕೂತು 'ನಗು, ನೋಡೋಣ' ಎನ್ನುವ ಮೇಲ್ವಿಚಾರಕಿ ಕಾಣುತ್ತಿದ್ದಳು. ಅವನು ಸೌಟು ತೆಗೆದುಕೊಂಡ. ಹೆಲ್ವಿ ಎರಡೂ ಕೈಯಲ್ಲಿ ತಟ್ಟೆ ಚಾಚಿದಳು.

"ನಿಜ ಹೇಳ್ಲಾ?" ಎಂದ, ಸುರಿಯುತ್ತ. "ಈ ಸೂಪ್ ಮೇಲೂ ಹೊಟ್ಟೆ ಉರೀತಿತ್ತು ನಂಗೆ. ಇದಕ್ಕೆ ನಗ್ತೀಯ, ನಂಗಿಲ್ಲ ಅಂತ."

"ಬಟಾಣಿ ಮೇಲಾ?"

"ಬಟಾಣಿ ಮೇಲೆ. ಮಾಂಸದ ಮೇಲೆ ಇನ್ನೂ ಜಾಸ್ತಿ."

ಅವಳಿಗೆ ತಡೆಯಲಾಗಲಿಲ್ಲ. ಎಡಗೆನ್ನೆ ಒಂದೇ ಏಟಿಗೆ ಮೇಲಕ್ಕೆ ಹಾರಿತು, ಬಲಗಡೆ ಇದ್ದಲ್ಲೇ ಕೂತಿತು, ಬಾಯಿ ಓರೆಯಾಗಿ ತೆರೆದು ಗೊಗ್ಗರು ದನಿಯ ನಗು ಹೊರಬಿತ್ತು. ಅಭ್ಯಾಸಬಲದಿಂದ ಅಂಗೈ ಮೇಲೇಳಲು ನೋಡಿತು. ಆದರೆ ಎರಡೂ ಕೈಯಲ್ಲಿ ಬಿಸಿಸೂಪಿನ ತಟ್ಟೆಯಿತ್ತು. ತೈಸ್ತೊ ಸೌಟು ನಿಲ್ಲಿಸಲಿಲ್ಲ.

"ಸಾಕೋ, ಚೆಲ್ತದೆ!" ಎಂದು ಅವಳು ಆ ನಗುವಿನ ನಡುವೆಯೇ ಕೂಗಿದಳು.